ಕಟ್ಟೆಯಮ್ಮನ ಮೂಲೆಯ ಮೂವತ್ತಾರು ವೋಲ್ಟು

ನಾಗರತ್ನ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಚೀಲದಿಂದ ಮೊರಕ್ಕೆ, ಮೊರದಿಂದ ಬುಟ್ಟಿಗೆ ಬೆರಳುಗಳು ತಮ್ಮ ಪಾಡಿಗೆ ಓಡಾಡುತ್ತಿದ್ದವು. ಕಿವಿ ಮಾತ್ರ ಮೋಟಾರಿನ ಮೇಲಿತ್ತು. ಖಾರ ಕುಟ್ಟುವ ಯಂತ್ರದ ಮುಂದೆ ಸುಧಾ ಸೆರಗನ್ನು ಮೂಗಿಗೆ ಸುತ್ತಿಕೊಂಡು ನಿಂತಿದ್ದಳು. ಕಬ್ಬಿಣದ ಒನಕೆಗಳು ಧಡ್ ಧಡ್ ಎಂದು ಬೀಳುತ್ತಿದ್ದವು. ಬೀಳುತ್ತ ಬೀಳುತ್ತ ಅವುಗಳ ನಡುವಿನ ಬಿಡುವು ಹೆಚ್ಚಾಯಿತು. ಮೋಟಾರು ಹೊಟ್ಟೆಯುಬ್ಬರ ಬಂದ ಎಮ್ಮೆಯಂತೆ ಮುಲುಗಿತು. ಸೂರಿನ ಕೆಳಗೆ ತೂಗುತ್ತಿದ್ದ ಗಾಜಿನ ಬಲ್ಬು ಮೊರದಲ್ಲಿದ್ದ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿತು.

"ಆರಿಸೇ ಸುಧಾ," ಎಂದಳು ನಾಗರತ್ನ, ತಲೆ ಎತ್ತದೆ.

"ಇನ್ನೊಂದೇ ಒಬ್ಬೆ ಐತಕ್ಕಾ, ಹಾಕಿಬಿಡ್ತೀನಿ."

"ಆರಿಸು ಅಂದೆ. ಮತ್ತೆ ಸುಟ್ಟೋದ್ರೆ ಹೊನ್ನಾಳಿ ತನಕ ನೀನು ತಲೆ ಮೇಲೆ ಹೊತ್ಕೊಂಡು ಹೋಗ್ತೀಯಾ?"

ಸುಧಾ ಸ್ವಿಚ್ಚು ಆರಿಸಿ, ಮೋಟಾರಿನ ಮೈಗೆ ಅಂಗೈ ತಾಗಿಸಿ ತಟ್ಟನೆ ಹಿಂದಕ್ಕೆಳೆದುಕೊಂಡಳು. "ಜ್ವರ ಬಂದೈತೆ ಇದಕ್ಕೆ. ಮಾತ್ರೆ ನುಂಗಿಸ್ಬೇಕು."

ಯಂತ್ರ ಊರಿನ ಮಹಿಳಾ ಸಂಘದ್ದು. ಸವಳಂಗದ ಬಸ್ಸು ಹಿಡಿಯಬೇಕಾದರೆ ಟಾರು ರಸ್ತೆಯವರೆಗೆ ನಡೆಯಬೇಕಾದ ಸಣ್ಣ ಊರು ಅದು. ಬಸವಾಪಟ್ಟಣದ ಒಂದು ಖಾನಾವಳಿಯವರೂ ಚನ್ನಗಿರಿಯ ಅಡುಗೆ ಕಂಟ್ರಾಕ್ಟಿನವರೂ ಇವರು ಕುಟ್ಟಿದ ಖಾರದ ಪುಡಿಯನ್ನೇ ಬೇಕೆಂದು ಕೇಳುತ್ತಿದ್ದರು. ಕೇಳುವವರಿದ್ದರೂ ಕುಟ್ಟಿ ಕೊಡಲು ಆಗುತ್ತಿರಲಿಲ್ಲ. ಮೋಟಾರು ಒಮ್ಮೆ ಸುಟ್ಟಿತು, ಹೊನ್ನಾಳಿಯಲ್ಲಿ ತಂತಿ ಸುತ್ತಿಸಿಕೊಂಡು ಬಂದರು. ಮತ್ತೆ ಸುಟ್ಟಿತು, ಮತ್ತೆ ಸುತ್ತಿಸಿದರು. ಆಮೇಲೆ ಊರಿನವರ ಬಾಯಲ್ಲಿ ಒಂದೇ ಮಾತು: ಯಂತ್ರ ಹೆಂಗಸರ ಕೈಗೆ ಆಗಿಬರಲಿಲ್ಲ. ಸಂಘದ ಅಧ್ಯಕ್ಷೆ ಚೌಡಕ್ಕ ಯಂತ್ರಕ್ಕೆ ನಿಂಬೆಹಣ್ಣು ಕಟ್ಟಿಸಿದಳು, ಕುಂಬಳಕಾಯಿ ಒಡೆಸಿದಳು. ಏನು ಮಾಡಿದರೂ ಒನಕೆ ಏಳುವಾಗ ಬಲ್ಬು ಕೆಂಪಾಗುವುದು ತಪ್ಪಲಿಲ್ಲ. ಕಡೆಗೆ ಬರುವ ಸೋಮವಾರದ ಸಭೆಯಲ್ಲಿ ಯಂತ್ರವನ್ನು ಚಿಕ್ಕಹನುಮಂತಪ್ಪನಿಗೆ ಬಿಟ್ಟುಕೊಡುವುದೆಂದು ಮಾತಾಗಿತ್ತು. ಊರ ಬಾಗಿಲಲ್ಲಿರುವ ದೊಡ್ಡ ಗಿರಣಿ ಅವನದೇ. ಕಟ್ಟೆಯಮ್ಮನ ಗುಡಿಯ ಯಜಮಾನಿಕೆಯೂ ಅವನದೇ.

ಚೌಡಕ್ಕ ನಾಗರತ್ನಳ ಅತ್ತೆ. ಜಗಳೂರು ಕಡೆಯ ಹುಡುಗಿಯನ್ನು ಮಗ ತಿಪ್ಪೇಶನಿಗೆ ತಂದುಕೊಂಡಾಗ, "ಕಲ್ಲು ನೆಲದೋಳು, ಮಾತೂ ಕಲ್ಲಿನಂಗೆ ಬರ್ತಾವೆ" ಎಂದು ನಗುತ್ತಿದ್ದಳು. ಈಗ ನಗುವುದು ಕಡಿಮೆಯಾಗಿತ್ತು. ಯಂತ್ರ ತರಿಸಬೇಕೆಂದು ಹಟ ಹಿಡಿದವಳು ನಾಗರತ್ನಳೇ. ಅದಕ್ಕೆ ಮೊದಲು ಅವಳು ಕಂಡವರ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ಯಂತ್ರ ಹೋದರೆ ಮತ್ತೆ ಅಲ್ಲಿಗೇ ಬಗ್ಗಬೇಕು. ಬಗ್ಗುವುದಕ್ಕೆ ಅವಳಿಗೆ ಮನಸ್ಸಿರಲಿಲ್ಲ.

"ಇದು ಮೋಟಾರಿನ ಕಾಯಿಲೆ ಅಲ್ಲ," ಎಂದಳು, ಬುಟ್ಟಿಯನ್ನು ಪಕ್ಕಕ್ಕೆ ತಳ್ಳಿ. "ಕಾಯಿಲೆ ಹೊರಗಿಂದ ಬರ್ತೈತೆ."

"ಹೊರಗಿಂದ ಅಂದ್ರೆ? ದೃಷ್ಟಿ ಅಂತೀಯಾ?"

"ತಂತಿ ಅಂತೀನಿ."

ಲೈನ್‌ಮನ್ ಓಬಳೇಶ್ ಮಧ್ಯಾಹ್ನ ಮೀಟರ್ ನೋಡಿಕೊಂಡು ಹೋಗಲು ಬಂದಾಗ ನಾಗರತ್ನ ಅವನ ದಾರಿಗೆ ಅಡ್ಡ ನಿಂತಳು. ಸುತ್ತಲಿನ ಹಲವು ಊರುಗಳ ಕಂಬಗಳೆಲ್ಲ ಓಬಳೇಶನ ಪಾಲಿಗೆ ಬಂದಿದ್ದವು. ಅವನ ಬೈಕಿನ ಹಿಂದೆ ಏಣಿ, ಮುಂದೆ ಹಗ್ಗ, ಸೊಂಟದಲ್ಲಿ ತಂತಿ ಹಿಡಿಯುವ ಮೀಟರು.

"ಓಬಳೇಶಣ್ಣ, ಆ ಇಕ್ಕಳದ ಮೀಟರ್ ಒಂದು ಗಳಿಗೆ ಕೊಡ್ರಿ."

"ಕೊಡಾಕೆ ಅದೇನು ಸಾಣಿಗೇನಮ್ಮಾ? ಏನು ನೋಡ್ಬೇಕು ಹೇಳು, ನೋಡ್ತೀನಿ."

ಸುಧಾ ಯಂತ್ರ ಹಾಕಿದಳು. ಓಬಳೇಶ್ ಮೀಟರಿನ ಬಾಯಿ ತೆರೆದು ಒಂದು ತಂತಿಯನ್ನು ಕಚ್ಚಿಸಿದ. ಹನ್ನೆರಡು ಆಂಪಿಯರ್. ಮೀಟರಿನ ಎರಡು ಕಡ್ಡಿಗಳನ್ನು ಸ್ವಿಚ್ಚಿನ ಹಿತ್ತಾಳೆಗೆ ತಾಗಿಸಿದ. ನೂರ ಎಂಬತ್ತು ವೋಲ್ಟು.

ನಾಗರತ್ನ ಸೀಮೆಸುಣ್ಣ ತೆಗೆದುಕೊಂಡು ಗೋಡೆಯ ಮೇಲೆ ಬರೆದಳು. ಸಂಜೆ ಶಾಲೆಗೆ ಹೋಗಿ ಹತ್ತನೇ ಕ್ಲಾಸು ಕಟ್ಟಿದಾಗ ವಿಜ್ಞಾನದ ಪುಸ್ತಕದಲ್ಲಿ ಅವಳಿಗೆ ತನ್ನ ಬದುಕಿನದೆಂದು ಅನ್ನಿಸಿದ್ದು ಓಮ್ ನಿಯಮದ ಪಾಠವೊಂದೇ. ನೂರ ಎಂಬತ್ತನ್ನು ಹನ್ನೆರಡರಿಂದ ಭಾಗಿಸಿದಳು. "ಹದಿನೈದು ಓಮ್. ನೋಡ್ರಿ, ನಮ್ಮ ತಂತೀಲಿ ಹದಿನೈದು ಓಮ್ ಅಡ್ಡಿ ಐತೆ."

ಓಬಳೇಶ್ ನಕ್ಕ, ಅಣಕದ ನಗೆಯಲ್ಲ. "ಹಂಗಲ್ಲ ತಂಗಿ. ಇದು ಮೋಟಾರಿನ ಬಾಯಿಗೆ ಬಂದ ವೋಲ್ಟು. ಮೋಟಾರಿಗೆ ಸಿಕ್ಕಿದ್ದನ್ನ ಹಿಡ್ಕೊಂಡು ತಂತಿ ಲೆಕ್ಕ ಮಾಡಿದ್ರೆ ಹೆಂಗೆ? ನೀನು ಕೊಡ ಹಿಡ್ಕೊಂಡು ಮನೆಗೆ ಬಂದೆ ಅನ್ನು. ದಾರ್‍ಯಾಗೆ ಎಷ್ಟು ಚೆಲ್ಲೈತೆ ಅಂತ ತಿಳೀಬೇಕಾದ್ರೆ ಮನೇಲಿರೋ ನೀರು ಅಳೆದ್ರೆ ಸಾಕಾ?"

ನಾಗರತ್ನ ಗೋಡೆಯನ್ನು ನೋಡಿದಳು. ಆಮೇಲೆ ಹದಿನೈದನ್ನು ಅಂಗೈಯಿಂದ ಒರೆಸಿದಳು. "ಬಾವ್ಯಾಗೆ ತುಂಬಿದ್ದು ಎಷ್ಟು ಅಂತಲೂ ನೋಡ್ಬೇಕು. ಕಂಬಕ್ಕೆ ಹೋಗಿ."

"ಹತ್ತಿಸ್ತೀಯಲ್ಲಮ್ಮಾ ನನ್ನ, ಉಂಡಿಲ್ಲ ಇನ್ನೂ."

"ಇಳಿದ್ಮೇಲೆ ಉಣ್ಣಿ. ರೊಟ್ಟಿ ಐತೆ, ಜಗಳೂರು ರೊಟ್ಟಿ."

ಓಬಳೇಶ್ ಏಣಿ ಇಟ್ಟು ಕಂಬ ಹತ್ತಿದ. ಯಂತ್ರ ಓಡುತ್ತಲೇ ಇತ್ತು. ಮೇಲಿನಿಂದ ಕೂಗಿದ: "ಇನ್ನೂರ ಇಪ್ಪತ್ತೆಂಟು."

ನಾಗರತ್ನ ಒಳಗೆ ಓಡಿದಳು. ಇನ್ನೂರ ಇಪ್ಪತ್ತೆಂಟರಲ್ಲಿ ನೂರ ಎಂಬತ್ತು ಕಳೆದರೆ ನಲವತ್ತೆಂಟು. ದಾರಿಯಲ್ಲಿ ಚೆಲ್ಲಿದ್ದು ಅಷ್ಟು. ನಲವತ್ತೆಂಟನ್ನು ಹನ್ನೆರಡರಿಂದ ಭಾಗಿಸಿದಳು, ನಾಲ್ಕು. ಇದು ತಂತಿಯ ಅಡ್ಡಿ, ನಾಲ್ಕು ಓಮ್. ನಲವತ್ತೆಂಟನ್ನು ಹನ್ನೆರಡರಿಂದ ಗುಣಿಸಿದಳು, ಐನೂರ ಎಪ್ಪತ್ತಾರು. ಲೆಕ್ಕ ಸರಿಯೋ ಎಂದು ಇನ್ನೊಂದು ದಾರಿ ಹಿಡಿದಳು: ಹನ್ನೆರಡು ಹನ್ನೆರಡಲ ನೂರ ನಲವತ್ನಾಲ್ಕು, ಅದು ನಾಲ್ಕು ಸಲ. ಮತ್ತೆ ಅದೇ ಐನೂರ ಎಪ್ಪತ್ತಾರು. ಎರಡು ದಾರಿಯೂ ಒಂದೇ ಬಾಗಿಲಿಗೆ ಬಂದಾಗ ಅವಳ ಮುಖ ಅರಳಿತು. ಅರಳಿದ್ದು ಮರುಗಳಿಗೆಗೆ ಬಿಗಿಯಿತು.

"ಐನೂರ ಎಪ್ಪತ್ತಾರು ವ್ಯಾಟು," ಎಂದಳು, ಇಳಿದು ಬಂದ ಓಬಳೇಶನಿಗೆ. "ಒಂದು ಸಣ್ಣ ನೀರು ಕಾಯಿಸೋ ಕಾಯಿಲ್ ಉರಿದಂಗೆ. ಯಂತ್ರ ಹಾಕಿದಾಗಲೆಲ್ಲ ನಮ್ಮ ದಾರ್‍ಯಾಗೆ ಎಲ್ಲೋ ಒಂದು ಕಾಯಿಲ್ ಉರೀತಾ ಐತೆ. ಅದರಾಗೆ ಯಾರೂ ನೀರು ಕಾಯಿಸ್ತಾ ಇಲ್ಲ. ಎಲ್ಲಿ ಉರೀತೈತೆ ಅಣ್ಣಾ?"

ಓಬಳೇಶ್ ಬಾಯಿ ಒರೆಸಿಕೊಂಡು ಬೀದಿಯ ತುದಿಗೆ ನೋಡಿದ. "ಗೊತ್ತಿಲ್ದಂಗೆ ಕೇಳ್ತೀಯಲ್ಲ," ಎಂದ.

ಕಂಬದಿಂದ ಯಂತ್ರದ ಮನೆಗೆ ಬರುವ ತಂತಿ ನಡುವೆ ಕಟ್ಟೆಯಮ್ಮನ ಗುಡಿಯ ಮೂಲೆಗೆ ಒರಗಿ ಬರುತ್ತಿತ್ತು. ಆ ಬೀದಿಯ ಮದುವೆಗಳಲ್ಲಿ ಒಂದು ಪದ್ಧತಿ. ಚಪ್ಪರದ ಮೊದಲ ದೀಪ ಕಟ್ಟೆಯಮ್ಮನ ಮೂಲೆಯಿಂದಲೇ ಹೊತ್ತಬೇಕು. ಹಿಂದಿನವರು ಗುಡಿಯ ದೀಪದಿಂದ ಸೊಡರು ಹಚ್ಚಿಕೊಂಡು ಬರುತ್ತಿದ್ದರಂತೆ. ಕರೆಂಟು ಬಂದ ಮೇಲೆ ಸೊಡರಿನ ಜಾಗಕ್ಕೆ ವೈರು ಬಂತು. ಲೈಟಿಂಗಿನ ಹುಡುಗರು ಮೂಲೆಯ ತಂತಿಯನ್ನು ಸುಲಿದು, ತಮ್ಮ ವೈರನ್ನು ಅದಕ್ಕೆ ತಿರುಚುತ್ತಾರೆ. ಮುತ್ತೈದೆಯೊಬ್ಬಳು ಆ ತಿರುಚಿಗೆ ಅರಿಶಿನದ ದಾರ ಸುತ್ತುತ್ತಾಳೆ. ಮದುವೆ ಮುಗಿದ ಮೇಲೆ ವೈರನ್ನು ಆಚೆಗೆ ಕತ್ತರಿಸುತ್ತಾರೆಯೇ ಹೊರತು ಗಂಟನ್ನು ಬಿಚ್ಚುವುದಿಲ್ಲ. ಬಿಚ್ಚಿದರೆ ದೀಪ ನಂದಿಸಿದಂತೆ, ಗಂಡಹೆಂಡಿರಿಗೆ ಆಗದು. ಹೀಗೆ ಬೀದಿಯ ಮದುವೆಗಳೆಲ್ಲ ಒಂದರ ಮೇಲೊಂದು ಆ ಮೂಲೆಯಲ್ಲಿ ಗೀಜಗನ ಗೂಡಿನಂತೆ ತೂಗುತ್ತಿದ್ದವು. ಅವುಗಳ ನಡುವೆಯೇ ನಾಗರತ್ನ ಮತ್ತು ತಿಪ್ಪೇಶನ ಗಂಟೂ ಇತ್ತು.

ಯಂತ್ರ ಓಡುತ್ತಿರುವಾಗಲೇ ಓಬಳೇಶ್ ಕೈಗವಸು ಹಾಕಿಕೊಂಡು ಮೂಲೆಯಲ್ಲಿ ಏಣಿಯ ಮೇಲೆ ನಿಂತ. ಗೂಡಿನ ಈಚೆ ಕಡ್ಡಿ ಇಟ್ಟ, ಆಚೆ ಕಡ್ಡಿ ಇಟ್ಟ. ಈಚೆ, ಕಂಬದ ಕಡೆ, ಇನ್ನೂರ ಇಪ್ಪತ್ತು. ಆಚೆ ನೂರ ಎಂಬತ್ನಾಲ್ಕು. ಒಂದು ಮೊಳದ ಉದ್ದದಲ್ಲಿ ಮೂವತ್ತಾರು ವೋಲ್ಟು ನುಂಗಿಹೋಗಿತ್ತು.

"ಸುಲಿದು ಸುಲಿದು ಎಳೆಗಳೆಲ್ಲ ಕಡಿದಾವೆ," ಎಂದ ಮೇಲಿನಿಂದ. "ಕಡಿದ ಕಡೆ ಅಲ್ಯೂಮಿನಿಯಂಗೆ ತಾಮ್ರ ತಿರುಚ್ಯಾರೆ. ನಡುವೆ ಬಿಳೀ ಬೂದಿ ಕೂತೈತೆ. ಉಳಿದಿರೋ ಒಂದೆರಡೆಳೆ ಮೇಲೆ ನಿಮ್ಮ ಯಂತ್ರ ಓಡ್ತಾ ಐತೆ."

"ಮೂರು ಓಮ್," ಎಂದಳು ನಾಗರತ್ನ ಕೆಳಗೆ ನಿಂತು. "ನಾನೂರ ಮೂವತ್ತೆರಡು ವ್ಯಾಟು. ಬಿಚ್ಚಿ ಎಸೀರಿ ಅದನ್ನ."

"ನಾನು ಮುಟ್ಟಾಕಿಲ್ಲ. ಊರಿನ ಗಂಟು; ಮುಟ್ಟಿದ್ರೆ ನನ್ನ ಏಣಿ ಈ ಊರಾಗೆ ಮತ್ತೆ ಇಳಿಯಾಕೆ ಬಿಡಲ್ಲ. ಬರೆದು ಕೊಡ್ರಿ ಆಫೀಸಿಗೆ. ಕಂಬದಿಂದ ಮೀಟರ್ ತನಕ ಹೊಸ ವೈರು ಎಳೀಬೇಕು ಅಂತ ಮೇಲಿಂದ ಆರ್ಡರ್ ಬಂದ್ರೆ ನಾನೇ ಬಂದು ಎಳೀತೀನಿ. ನನ್ನ ಕೈಯಾಗೆ ಮಾತ್ರ ಕೊಡಬ್ಯಾಡ್ರಿ. ಅಂಚೇಲಿ ಹಾಕ್ರಿ. ಅಂಚೇಲಿ ಬಂದಿದ್ದಕ್ಕೆ ನಂಬರ್ ಬೀಳ್ತೈತೆ. ಯಾರು ಹೇಳಿದ್ರೂ ಮುಚ್ಚಿಡಾಕೆ ಆಗಲ್ಲ."

ಬರೆಯುವುದು ಹೊಸದೇನಲ್ಲ. ಮೊದಲ ಸಲ ಮೋಟಾರು ಸುಟ್ಟಾಗಲೇ, ಹೋದ ವರ್ಷ, ತಂತಿ ಬದಲಿಸಿಕೊಡಿ ಎಂದು ಸಂಘದಿಂದ ಕಾಗದವೊಂದು ಸಿದ್ಧವಾಗಿತ್ತು. ಎಲ್ಲರ ಸಹಿಯೂ ಬಿದ್ದಿತ್ತು. ಅಧ್ಯಕ್ಷೆಯ ಸಹಿಯ ಜಾಗ ಮಾತ್ರ ಖಾಲಿ. ಚೌಡಕ್ಕ ನಾಳೆ ಅಂದಳು, ಹಬ್ಬ ಕಳೀಲಿ ಅಂದಳು, ಕನ್ನಡಕ ಸಿಗಲಿ ಅಂದಳು. ಕನ್ನಡಕ ಸಿಕ್ಕ ಮೇಲೆ ಮಾತೇ ಆಡಲಿಲ್ಲ.

ಅಂದು ಸಂಜೆ ನಾಗರತ್ನ ಅತ್ತೆಯ ಎದುರು ಕುಳಿತಳು. ಚೌಡಕ್ಕ ಅವರೆಕಾಯಿ ಸುಲಿಯುತ್ತಿದ್ದಳು.

"ಅತ್ತೆ, ಕಾಗದಕ್ಕೆ ಸಹಿ ಹಾಕ್ರಿ."

"ನಿನಗೆ ಬುದ್ಧಿ ಐತಾ? ಆಫೀಸಿನೋರು ಬಂದು ಮೊದ್ಲು ಮಾಡೋದೇ ಆ ಗಂಟು ಕೀಳೋದು. ನಿನ್ನ ಮದುವೆ ದೀಪ ಅಲ್ಲೈತೆ ಕಣೇ. ನನ್ನ ಮಗ ಹಗಲೂರಾತ್ರಿ ಟ್ಯಾಂಕರ್ ಓಡಿಸ್ತಾನೆ. ಮೇಲಿನ ಮನೆಯೋರು ಗಂಟು ಬಿಚ್ಚಿಸಿದ ವರ್ಷ ಏನಾಯ್ತು ಅಂತ ನೀನು ಕಂಡಿಲ್ಲ, ನಾನು ಕಂಡೀನಿ."

"ಮೇಲಿನ ಮನೆಯಾತ ಕುಡಿದು ಕೆರೆಗೆ ಬಿದ್ದ. ಬಿದ್ದದ್ದನ್ನ ಊರೇ ಕಂಡೈತೆ."

"ಬಾಯಿ ಮುಚ್ಚು."

"ಮುಚ್ಚಲ್ಲ ಅತ್ತೆ. ನಿಮ್ಮ ಮಗನ್ನ ಕಾಯೋದು ಆ ಗಂಟು ಅಂತೀರಿ. ನಾನೂ ಕಾಯ್ತೀನಲ್ಲ? ಊಟ ಮಾಡಿದ್ಯಾ, ನಿದ್ದೆ ಬಂದ್ರೆ ಗಾಡಿ ನಿಲ್ಸು ಅಂತ ದಿನಾ ಫೋನ್ ಮಾಡೋಳು ನಾನು. ಆ ಗಂಟು ಒಂದು ದಿನ ಫೋನ್ ಮಾಡೈತಾ?"

ಚೌಡಕ್ಕನಿಗೆ ನಗು ಬರುವಂತಾಯಿತು. ತುಟಿ ಬಿಗಿಹಿಡಿದು ಕಾಳನ್ನು ಜೋರಾಗಿ ಹಿಸುಕಿದಳು. "ನಿನ್ನ ನಾಲಿಗೆ ಜಗಳೂರಿನ ಜಾಲಿ ಮುಳ್ಳು," ಎಂದಳು.

"ಬನ್ರಿ ನನ್ನ ಜೊತೆ. ನಾನು ಹೇಳೋದು ಬ್ಯಾಡ. ನೀವೇ ನೋಡ್ರಿ."

ಕೈ ಹಿಡಿದು ಎಬ್ಬಿಸಿಕೊಂಡೇ ಹೋದಳು. ಬೀದಿಯಲ್ಲಿ ಮಬ್ಬು ಬೆಳಕಿತ್ತು, ದನಗಳು ಮನೆಗೆ ಬರುವ ಹೊತ್ತು. ನಾಗರತ್ನ ಅತ್ತೆಯನ್ನು ಗುಡಿಯ ಕಟ್ಟೆಯ ಮೇಲೆ ನಿಲ್ಲಿಸಿ ಯಂತ್ರದ ಮನೆಯ ಕಡೆಗೆ ಕೂಗಿದಳು. ಸುಧಾ ಗುಂಡಿ ಒತ್ತಿದಳು. ದೂರದಲ್ಲಿ ಒನಕೆ ಏಳುವ ಸದ್ದು. ಗುಡಿಯೊಳಗೆ ಅದೇ ತಂತಿಯಿಂದ ಉರಿಯುತ್ತಿದ್ದ ಕಟ್ಟೆಯಮ್ಮನ ಮುಖದ ಮೇಲಿನ ಬಲ್ಬು ಕುಗ್ಗಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಗೂಡಿನ ಹೊಟ್ಟೆಯೊಳಗೆ ಬೀಡಿಯ ತುದಿಯಂಥ ಒಂದು ಕೆಂಪು ಚುಕ್ಕೆ ಕಾಣಿಸಿತು. ಸಣ್ಣಗೆ ಸುಟ್ಟ ವಾಸನೆ ಬಂತು, ವಾಸನೆಯ ಹಿಂದೆ ನೂಲಿನೆಳೆಯಷ್ಟು ಹೊಗೆ. ಕಪ್ಪಾಗಿದ್ದ ಅರಿಶಿನದ ದಾರವೊಂದು ಬೆಂದು ತುಂಡಾಗಿ ಕೆಳಗೆ ಬಿತ್ತು, ಚೌಡಕ್ಕನ ಕಾಲ ಬಳಿಯೇ.

ಚೌಡಕ್ಕ ಬಗ್ಗಿ ಅದನ್ನು ಎತ್ತಿಕೊಂಡಳು. ಬೆರಳಿನಲ್ಲಿ ಅದು ಪುಡಿಯಾಯಿತು.

"ಯಾರದು ಇದು?" ಎಂದಳು ಮೆಲ್ಲಗೆ.

"ಯಾರದಾದ್ರೇನು ಅತ್ತೆ, ಎಲ್ಲಾ ಒಳಗೊಳಗೇ ಸುಡ್ತಾ ಅವೆ. ನಾವು ಕಾಪಾಡ್ತಾ ಇದೀವಿ ಅಂತ ತಿಳ್ಕೊಂಡಿದೀವಿ."

ಚೌಡಕ್ಕ ಬೆರಳಿಗಂಟಿದ ಬೂದಿಯನ್ನು ಸೆರಗಿಗೆ ಒರೆಸಿಕೊಂಡಳು. ಮನೆಗೆ ಬಂದು ಉಣ್ಣದೆ ಮಲಗಿದಳು. ಸಹಿಯನ್ನೂ ಹಾಕಲಿಲ್ಲ.

ಸೋಮವಾರ ಯಂತ್ರದ ಮನೆಯ ಅಂಗಳದಲ್ಲಿ ಸಂಘದ ಹೆಂಗಸರೆಲ್ಲ ಸೇರಿದರು. ಚಿಕ್ಕಹನುಮಂತಪ್ಪ ಕರೆಯುವ ಮೊದಲೇ ಬಂದು ಕುರ್ಚಿಯ ಮೇಲೆ ಕುಳಿತಿದ್ದ. ಹೊರಗೆ ಅವನ ಟ್ರ್ಯಾಕ್ಟರು ನಿಂತಿತ್ತು. ಯಂತ್ರವನ್ನು ಇವತ್ತೇ ಹೇರಿಕೊಂಡು ಹೋಗುವ ಅಂದಾಜು.

"ನೋಡ್ರಮ್ಮಾ," ಎಂದ, ಸಮಾಧಾನದ ದನಿಯಲ್ಲಿ. "ನಿಮ್ಮನ್ನ ಕಂಡ್ರೆ ನನಗೇನು ದ್ವೇಷ ಇಲ್ಲ. ಕೆಲವು ಕೆಲವರ ಕೈಗೆ ಕಬ್ಬಿಣ ಆಗಿಬರಲ್ಲ. ನನ್ನತ್ರ ಇದ್ರೂ ಅದು ನಿಮ್ಮದೇ, ಬಂದು ಕುಟ್ಟಿಸ್ಕೊಂಡು ಹೋಗ್ರಿ."

"ಕುಟ್ಟಿಸ್ಕೊಳ್ಳಾಕೆ ಸರದೀಲಿ ನಿಲ್ಲಬೇಕಲ್ಲ ಮಾವ," ಎಂದಳು ಸುಧಾ. "ಈಗ ಸರದಿ ನಮ್ಮದೇ."

ಹೆಂಗಸರು ಕಿಸಕ್ಕೆಂದರು. ನಾಗರತ್ನ ಎದ್ದು ನಿಂತಳು. ಅವಳ ಕೈಯಲ್ಲಿ ಹೊಸದಾಗಿ ಬರೆದ ಕಾಗದವಿತ್ತು. ಹಳೆಯದರಲ್ಲಿ ತಂತಿ ಬದಲಿಸಿಕೊಡಿ ಎಂಬ ಬೇಡಿಕೆ ಮಾತ್ರವಿತ್ತು. ಇದರಲ್ಲಿ ಲೆಕ್ಕವೂ ಇತ್ತು. ಕಂಬದಲ್ಲಿ ಎಷ್ಟು, ಮೂಲೆಯ ಈಚೆ ಎಷ್ಟು, ಆಚೆ ಎಷ್ಟು, ಯಂತ್ರದಲ್ಲಿ ಎಷ್ಟು. ಮೂರು ಓಮ್, ನಾನೂರ ಮೂವತ್ತೆರಡು ವ್ಯಾಟು. ಎಲ್ಲವನ್ನೂ ತಡವರಿಸದೆ ಓದಿದಳು. ಕಡೆಯ ಸಾಲಿಗೆ ಬಂದಾಗ ದನಿ ಎತ್ತಿದಳು: "ಈ ಮೂಲೆಯಲ್ಲಿ ನಮ್ಮ ಬೀದಿಯ ಮದುವೆಗಳ ಗಂಟುಗಳಿವೆ. ಅವುಗಳಲ್ಲಿ ನನ್ನ ಮದುವೆಯದೂ ಒಂದು. ಬಿಚ್ಚುವಾಗ ಮೊದಲು ನನ್ನದನ್ನು ಬಿಚ್ಚಬೇಕೆಂದು ಕೋರುತ್ತೇನೆ."

ಚಿಕ್ಕಹನುಮಂತಪ್ಪ ಕುರ್ಚಿಯಿಂದ ಮುಂದಕ್ಕೆ ಬಾಗಿದ.

"ಈ ಕಾಗದ ಹೋದ್ರೆ ಏನಾಗ್ತೈತೆ ಗೊತ್ತಾ ನಿನಗೆ? ಜೀಪಿನಾಗೆ ಬರ್ತಾರೆ. ಗಂಟು ಒಂದೇ ನೋಡಿ ಹೋಗ್ತಾರಾ? ಬೀದೀಲಿ ಯಾರ್‍ಯಾರು ತಂತಿಗೆ ಕದ್ದು ಕೊಕ್ಕೆ ಹಾಕ್ಕೊಂಡಾರೆ ಅಂತ ಮನೆಮನೆ ನೋಡ್ತಾರೆ. ಬೀದಿ ಪೂರ್ತಿ ಕತ್ತಲಾಗ್ತೈತೆ. ಗುಡೀನೂ."

"ಆಗ್ಲಿ ಮಾವ. ನಮ್ಮ ಮನೆನೂ ಅದೇ ಬೀದ್ಯಾಗೆ ಐತೆ, ನಾವೂ ಕತ್ತಲಾಗೆ ಕೂತ್ಕಂತೀವಿ. ಎರಡು ದಿನ ಸೊಡರು ಹಚ್ಚಿದ್ರೆ ಕಟ್ಟೆಯಮ್ಮ ಬ್ಯಾಡ ಅಂತಾಳಾ? ಮೊದ್ಲು ಅವಳಿಗೆ ಹಚ್ತಿದ್ದಿದ್ದು ಅದನ್ನೇ ಅಲ್ವಾ?"

"ದೇವ್ರ ವಿಷಯದಾಗೆ ಹೆಂಗಸು ಹಿಂಗೆ ಮಾತಾಡಬಾರ್ದು."

"ದೇವ್ರ ಮುಂದಿನ ಬಲ್ಬೇ ಕುಗ್ತಾ ಐತೆ. ಅದನ್ನ ಗಂಡಸರು ಮಾತಾಡಿದ್ರೆ ನಾನು ಸುಮ್ಮನಿರ್ತಿದ್ದೆ."

"ಚೌಡಕ್ಕಾ," ಎಂದು ಅವನು ಅಧ್ಯಕ್ಷೆಯತ್ತ ತಿರುಗಿದ. "ಸೊಸೇಗೆ ಇಷ್ಟು ಸದರ ಕೊಟ್ಟಿದ್ದೀಯಲ್ಲ. ನೀನೇ ಹೇಳು. ನಿನ್ನ ಮಗನ ದೀಪ ಅಲ್ಲೈತೆ."

ಎಲ್ಲರೂ ಚೌಡಕ್ಕನ ಕಡೆ ನೋಡಿದರು. ನಾಗರತ್ನ ನೋಡಲಿಲ್ಲ. ಕಾಗದವನ್ನು ಎದೆಗೆ ಒತ್ತಿಕೊಂಡಿದ್ದಳು. ಅತ್ತೆ ಒಲ್ಲೆ ಅಂದರೆ ಹೊರಗೆ ಟ್ರ್ಯಾಕ್ಟರಿದೆ.

ಚೌಡಕ್ಕ ಎಲೆಯಡಿಕೆ ಉಗಿದು ಬಂದು ಬಾಯಿ ಒರೆಸಿಕೊಂಡಳು. ಅವಸರವಿಲ್ಲದವಳಂತೆ ಕುಳಿತಳು.

"ಇಲ್ಲ ಹನುಮಂತಪ್ಪ," ಎಂದಳು. "ಇತ್ತು. ಮೊನ್ನೆ ನನ್ನ ಕಾಲ ಮೇಲೆ ಬೂದಿ ಬಿತ್ತು. ನನ್ನ ಮಗನದೋ ನಿನ್ನ ಮಗನದೋ ನಾ ಕಾಣೆ. ಆ ಬೂದಿ ಕಾಯಾಕೆ ಒಂದು ವರ್ಷ ಈ ಹುಡುಗೀರ ಬಾಯಿಗೆ ಮಣ್ಣು ಹಾಕಿದೆ. ಇನ್ನು ಹಾಕಲ್ಲ." ಆಮೇಲೆ ಸೊಸೆಯ ಕಡೆ ಕೈ ಚಾಚಿದಳು. "ತಾರೇ ಇಲ್ಲಿ. ಎಲ್ಲಿ ಬರೀಬೇಕು ತೋರ್ಸು. ನೀನು ಬರೆದಿರೋ ಆ ಕಡೇ ಸಾಲಿನ ಕೆಳಗೆ ಇನ್ನೊಂದು ಸೇರ್ಸು: ಎರಡನೇದು ಅಧ್ಯಕ್ಷೆಯದು. ನಂದೂ ಅದರಾಗೇ ಐತೆ, ತಳದಾಗೆ. ಅದು ನಿನ್ನ ಮಾವ ಮುದುಕಪ್ಪ ಇದ್ದಾಗಿನದು."

ಚೌಡಕ್ಕ ಸಹಿ ಹಾಕಿದಳು. ಅವಳ ಅಕ್ಷರಗಳು ಒಂದೊಂದೇ ಇಳಿದವು. ಅವಳ ಹಿಂದೆ ಸುಧಾ ಬಂದಳು, "ಮೂರನೇದು ನಂದು" ಎಂದು ಬರೆಸಿ ಹೆಸರು ಹಾಕಿದಳು. ಆಮೇಲೆ ಸಾಲು ನಿಂತಿತು. ಇಬ್ಬರು ಮಾತ್ರ ಕದಲದೆ ಕುಳಿತರು. ಅವರನ್ನು ಯಾರೂ ಒತ್ತಾಯಿಸಲಿಲ್ಲ.

ಚಿಕ್ಕಹನುಮಂತಪ್ಪ ಎದ್ದು ಹೊರಟ. ಬಾಗಿಲಲ್ಲಿ ನಿಂತು, "ಕರೆಂಟಿನೋರು ಬಂದು ತಂತಿ ಎಳೆದ್ರೂ ಸರಿ, ಮತ್ತೆ ಮೋಟಾರ್ ಸುಡ್ತೈತೆ ನೋಡ್ರಿ," ಎಂದ.

"ಸುಟ್ಟರೆ ಮತ್ತೆ ಲೆಕ್ಕ ಮಾಡ್ತೀವಿ," ಎಂದಳು ನಾಗರತ್ನ.

ಬರಿ ಟ್ರ್ಯಾಕ್ಟರು ಬೀದಿಯುದ್ದಕ್ಕೂ ಕುಲುಕಾಡುತ್ತ ಹೋಯಿತು.

ಮರುದಿನ ಬೆಳಗಿನ ಬಸ್ಸಿಗೆ ಅತ್ತೆ ಸೊಸೆ ಇಬ್ಬರೂ ಸವಳಂಗಕ್ಕೆ ಹೋದರು. ಚೌಡಕ್ಕ ಕಿಟಕಿಯ ಪಕ್ಕ ಕುಳಿತು, ಹಾದುಹೋಗುವ ಪ್ರತಿ ಕಂಬವನ್ನೂ ತಲೆಯೆತ್ತಿ ನೋಡುತ್ತಿದ್ದಳು. ನಡುವೆ ಒಮ್ಮೆ ತಿರುಗಿ, "ತಿಪ್ಪೇಶಂಗೆ ಹೇಳಿದ್ಯಾ?" ಎಂದಳು.

"ಹೇಳ್ದೆ. ಗಂಟು ಬಿಚ್ಚಿದ್ರೆ ಇನ್ನೊಂದು ಮದುವೆ ಆಗ್ಬೋದಾ ಅಂದ."

"ನೀನೇನಂದೆ?"

"ಆಗು, ಹೊಸಬಳ ಕೈಲೂ ಮೆಣಸಿನಕಾಯಿ ತೊಟ್ಟು ಮುರಿಸ್ತೀನಿ ಅಂದೆ."

ಅಂಚೆ ಕಚೇರಿಯ ಕಿಟಕಿಯಲ್ಲಿ ಕುಳಿತಿದ್ದಾತ ಲಕೋಟೆಯನ್ನು ತೂಗಿ, ನ್ಯಾಮತಿಯ ವಿದ್ಯುತ್ ಕಚೇರಿಯ ವಿಳಾಸ ಓದಿದ. "ಇಲ್ಲೇ ಪಕ್ಕದೂರಿಗೆ ಸ್ಪೀಡ್ ಪೋಸ್ಟ್ ಯಾಕ್ರಮ್ಮಾ? ಬಸ್ಸಿಗೆ ಹೋಗಿ ಕೈಯಾಗೇ ಕೊಡಬೋದಲ್ಲ?"

"ಕೈಯಾಗೆ ಕೊಟ್ಟಿದ್ದು ಕೈಯಾಗೇ ಉಳೀತೈತೆ," ಎಂದಳು ಚೌಡಕ್ಕ, ಸೊಸೆಗಿಂತ ಮೊದಲೇ. "ನೀನು ನಂಬರ್ ಹಾಕಪ್ಪಾ."

ಅವನು ಪಟ್ಟಿಯಿಂದ ನಂಬರಿನ ಚೀಟಿಯೊಂದನ್ನು ಕಿತ್ತು ಲಕೋಟೆಗೆ ಅಂಟಿಸಿ, ಅಂಗೈಯಿಂದ ಗಟ್ಟಿಯಾಗಿ ಒತ್ತಿ, ಹಿಂದಕ್ಕೆ ನೋಡದೆ ಚೀಲದೊಳಕ್ಕೆ ಎಸೆದ. ಕಾಗದ ಬಿದ್ದ ಸದ್ದು ಕೇಳುವವರೆಗೂ ಇಬ್ಬರೂ ಕಿಟಕಿ ಬಿಟ್ಟು ಕದಲಲಿಲ್ಲ.